ದಿನಕ್ಕೊಂದು ಚಮಚ

೧೯೯೬ರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟು ನಾನು ಬೈಲಹೊಂಗಲದ ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಸೇರಿದ ದಿನ, ನಮ್ಮ ಹಿತ್ತಲಿಗೆ ಹೊಂದಿದ ಹಿಂದಿನ ಮನೆಯ ಕಂಪೌಂಡರ್ ತನ್ನ ತೋರುಬೆರಳಿನಿಂದ ನನ್ನ ಎದೆಗೆ ಚುಚ್ಚಿದ. ಎಮ್ಮೆ ತುಳಿದು ಸೊಟ್ಟಾದ ಬೆರಳು, ಉಗುರೇ ಇರಲಿಲ್ಲ. "ಮುಗೀತಲೇ ನಿನ್ನ ಕಥಿ. ಇನ್ನ ಹಿಟ್ಟ ಹಾರಿಸ್ಕೊಂತ ಕುಂದ್ರು" ಎಂದ.

ದನದ ದವಾಖಾನೆಯಲ್ಲಿ ಆತನ ನೌಕರಿ. ನಾನು ದುಡಿದು ಸ್ವಂತ ಗಿರಣಿ ಹಾಕಿದೆ. ಇಪ್ಪತ್ತು ವರ್ಷ ಆ ಮನುಷ್ಯ ಜೋಳದ ಚೀಲ ಹೊತ್ತು, ನನ್ನ ಬಾಗಿಲ ಮುಂದಿನಿಂದಲೇ, ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಗಿರಣಿಗೆ ಹೋದ. ನನ್ನ ಬಾಗಿಲು ಬಂದಾಗ ಬೇಕೆಂದೇ ಕೆಮ್ಮುವನು. ನಾನೂ ಕಡಿಮೆಯಿಲ್ಲ. ಆತನನ್ನು ಕಂಡರೆ ಸಾಕು, ಬೇರೆಯವರನ್ನು "ಬರ್ರಿ, ಬರ್ರಿ" ಎಂದು ಯಂತ್ರಕ್ಕಿಂತ ಜೋರಾಗಿ ಕರೆಯುತ್ತಿದ್ದೆ.

ಕಳೆದ ವರ್ಷ ಮಗಳ ಹಠಕ್ಕೆ ಧಾರವಾಡದಿಂದ ಹ್ಯಾಮ್ಸ್ಟರ್ ತಂದೆ. ಇಲಿಯ ಜಾತಿಯ, ಮುಷ್ಟಿಯಷ್ಟಿನ ಜೀವ. ಅಂಗಡಿಯವನು ಗುಳಿಗೆಯಂಥ ಒಣ ಆಹಾರದ ಪೊಟ್ಟಣ ಕೊಟ್ಟಿದ್ದ. ಅದನ್ನು ಹಾಕುವುದು ನನಗೆ ಅವಮಾನವೆನಿಸಿತು. ಬೀಗರು ಸಾಕೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿಯುವ ಮಂದಿ ನಾವು. ಶೇಂಗಾ, ಬೆಲ್ಲ, ಒಣಕೊಬ್ಬರಿ, ಪಂಚಮಿಯ ಉಂಡೆ ಎಲ್ಲ ಹಾಕಿದೆ. ಹಾಕಿದ್ದು ಕ್ಷಣದಲ್ಲಿ ಖಾಲಿ. ಖಾಲಿ ಬಟ್ಟಲು ಕಂಡರೆ ನನಗೆ ತಡೆಯದು, ಮತ್ತೆ ತುಂಬುತ್ತಿದ್ದೆ.

ಎರಡೇ ತಿಂಗಳು. ಅದು ಉಬ್ಬಿಹೋಯಿತು, ಆಡುವ ಚಕ್ರ ಹತ್ತುವುದನ್ನು ಬಿಟ್ಟು ಮೂಲೆ ಹಿಡಿಯಿತು. ಮಗಳು ಅಳುತ್ತ, ನನ್ನನ್ನು ಕೇಳದೆ, ಪಂಜರ ಎತ್ತಿಕೊಂಡು ಹಿಂದಿನ ಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಕಂಪೌಂಡರ್ ಪಂಜರ ಹಿಡಿದು ಮೊದಲ ಸಲ ನನ್ನ ಗಿರಣಿಯ ಮೆಟ್ಟಿಲು ಹತ್ತಿದ. ಬೀಸಿಸಲು ಬಂದಿದ್ದ ಹೆಂಗಸರ ಎದುರೇ ಪಂಜರದೊಳಗೆ ಹಾಸಿದ್ದ ಹೊಟ್ಟು ಕೆದರಿದ. ಅಡಿಯಲ್ಲಿ ಬೂಷ್ಟು ಹಿಡಿದ ಉಂಡೆ, ಕೊಬ್ಬರಿ, ಜಿಗಟು ಬೆಲ್ಲ.

"ಬಟ್ಟಲ ಖಾಲಿ ಆತು ಅಂದ್ರ ತಿಂತು ಅಂತ ತಿಳ್ಕೊಂಡಿ? ಗಲ್ಲದಾಗ ತುಂಬ್ಕೊಂಡು ಹೋಗಿ ಮುಚ್ಚಿಡತೈತಿ. ಕೆಟ್ಟ ಮ್ಯಾಲೆ ತಿಂತೈತಿ. ಇದೇನ್ ನಿನ್ನ ಬೀಗರೇನಲೇ?"

"ಪ್ರೀತಿಲೆ ಹಾಕೇನ್ರಿ. ಉಪವಾಸ ಕೆಡವಿಲ್ಲ."

"ಪ್ರೀತಿಲೆ ಕೊಲ್ಲಾಕ ಹತ್ತಿ. ಮೊದಲ ಡಾಕ್ಟರ್ ಕಡೆ ಒಯ್ಯಿ. ನಾ ಬರೇ ಕಂಪೌಂಡರ್."

ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಆತನನ್ನು ಹೊರಗೆ ದಬ್ಬಬೇಕೆನಿಸಿತು. ಮಗಳ ಮುಖ ನೋಡಿ ಗಿರಣಿ ಬಂದ್ ಮಾಡಿ ಧಾರವಾಡದ ಬಸ್ ಹತ್ತಿದೆ. ಡಾಕ್ಟರ್ ಔಷಧಿ ಕೊಟ್ಟರು, ಬೈಗುಳ ಬಿಟ್ಟು ಉಳಿದದ್ದೆಲ್ಲ ಅದನ್ನೇ ಹೇಳಿದರು.

ಅಂದಿನಿಂದ ದಿನಾ ಸಂಜೆ, ಕರೆಯದಿದ್ದರೂ, ಆತ ಹಿತ್ತಲ ಗೋಡೆಯಾಚೆ ಹಾಜರು. "ಆ ಅಂಗಡಿ ಪೊಟ್ಟಣದಾಗಿನ ಗುಳಿಗಿ ದಿನಕ್ಕೊಂದು ಚಮಚ. ಗಜ್ಜರಿ, ಸೌತಿಕಾಯಿ ಉಗುರಿನಷ್ಟು, ಉಳಿದಿದ್ದ ಮುಂಜಾನೆ ತಗದ ಒಗಿ. ಬಾಯಿ ಚಪಲಕ್ಕ ವಾರಕ್ಕೆರಡು ಸೂರ್ಯಕಾಂತಿ ಬೀಜ, ಇಲ್ಲಾ ಬೀಜ ತಗದ ಸೇಬಿನ ಚೂರು. ಬೆಲ್ಲ, ಉಳ್ಳಾಗಡ್ಡಿ ತೋರಿಸಲೂ ಬ್ಯಾಡ." ಒಮ್ಮೆ ಒಂದೂವರೆ ಚಮಚ ಹಾಕಿದೆ. ಆತ ಗೋಡೆಯ ಮೇಲಿಂದ ಬಾಗಿ ಅರ್ಧ ಚಮಚ ವಾಪಸ್ ತೆಗೆದ. "ಕೈ ಭಾರ ಐತಲೇ ನಿಂದು."

ಒಂದು ಸಂಜೆ ಅದು ಮತ್ತೆ ಚಕ್ರ ಹತ್ತಿ ಓಡಿತು. ಮಗಳು ಚಪ್ಪಾಳೆ ತಟ್ಟಿದಳು. ಆತ ಬಹಳ ಹೊತ್ತು ನೋಡುತ್ತ ನಿಂತ.

"ನಿನ್ನ ಗಿರಣಿಗಿಂತ ಚಲೋ ತಿರಗತೈತಿ" ಎಂದು ಒಳಗೆ ಹೋದ.

ಈ ಯುಗಾದಿಗೆ ಮುಂಚೆ ತೀರಿಕೊಂಡ. ಕಡೆಯವರೆಗೂ ಆತನ ಜೋಳ ಬೇರೆ ಗಿರಣಿಗೇ ಹೋಯಿತು. ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಬರಲಿಲ್ಲ. ಬಂದಿದ್ದರೆ ಅದಕ್ಕೂ ಬೈಯುತ್ತಿದ್ದ. ಹೆಗಲು ಕೊಟ್ಟೆ, ಅಷ್ಟೇ.

ಈಗ ನನಗಿರುವುದು ಎರಡು ಹಿಟ್ಟಿನ ಗಿರಣಿ, ಒಂದು ಖಾರ ಕುಟ್ಟುವ ಯಂತ್ರ, ಒಂದು ಸ್ವಂತ ಮನೆ, ಒಬ್ಬಳು ಮಗಳು, ದಿನಕ್ಕೊಂದೇ ಚಮಚ ತಿನ್ನುವ ಒಂದು ಹ್ಯಾಮ್ಸ್ಟರ್.