ಮಗು ಅಳಲೆಂದು ಹಾಡಿದವರು

ಜೋಹಾನ್ಸ್‌ಬರ್ಗಿನ ನಮ್ಮ ಸ್ಯಾಕ್ಸನ್‌ವೋಲ್ಡ್ ಬಡಾವಣೆ ಮೊದಲು ಕಾಡು. ಚಿನ್ನದ ಗಣಿಗೆ ಕಂಬ ಬೇಕೆಂದು ನೆಟ್ಟ ಮರಗಳು. ಆಮೇಲೆ ಸೈಟು ಮಾಡಿ ಬಿಳಿಯರಿಗೆ ಮಾರಿದರು. ಗಣಿಯ ಕತ್ತಲು ನಮ್ಮ ಗಂಡಸರ ಪಾಲಿಗೆ ಬಂತು, ಮರದ ನೆರಳು ದೊಡ್ಡ ಮನೆಗಳಿಗೆ ಹೋಯಿತು. ಮೂವತ್ತೊಂದು ವರ್ಷ ಅಲ್ಲಿ ನೆಲ ಒರೆಸಿದವಳು ನಾನು. ಮರಗಳ ಮೇಲೆ ನನಗೆ ಸಿಟ್ಟಿಲ್ಲ.

ಪಕ್ಕದ ಮನೆಯ ಕೆಲಸದವಳು ದಿಸೇಬೊ ಅಕ್ಕ. ಮಾತು ಕಡಿಮೆ, ಕೈ ಚುರುಕು. ೧೯೬೩ರಲ್ಲಿ ಹೆರಿಗೆಗೆಂದು ಊರಿಗೆ ಹೋದವಳು ಮಗುವನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಬರಬೇಕಿತ್ತು. ಬಿಡಲಿಲ್ಲ. ನಾಲ್ಕು ತಿಂಗಳ ತುಮಿಯನ್ನು ಬಟ್ಟೆಗಂಟಿನ ಮರೆಯಲ್ಲಿ ಹೊತ್ತು ತಂದು ಹಿತ್ತಲ ಕೋಣೆಯಲ್ಲಿ ಬಚ್ಚಿಟ್ಟಳು.

"ಮನಸ್ಸು ಬರ್ಲಿಲ್ಲ ಕಣೇ ಕೆಫೀಲ್ವೆ," ಎಂದಳು ನನಗೆ.

ಕೆಲಸದವರ ಕೋಣೆಯಲ್ಲಿ ಮಕ್ಕಳು ಇರುವಂತಿಲ್ಲ ಎಂಬುದು ಆಗಿನ ಕಾನೂನು. ಪೊಲೀಸರ ಕಿವಿಗೆ ಬಿದ್ದರೆ ಕೆಲಸವೂ ಇಲ್ಲ, ಕರಿಯರು ನಗರದಲ್ಲಿರಲು ಬೇಕಾದ ಪಾಸೂ ಇಲ್ಲ, ಜೋಹಾನ್ಸ್‌ಬರ್ಗೂ ಇಲ್ಲ.

ನಮ್ಮಲ್ಲಿ ಮಳೆ ಬರುವುದು ಬೇಸಿಗೆಯಲ್ಲಿ, ಅದೂ ದಿನಾ ನಾಲ್ಕು ಗಂಟೆಗೆ, ಡ್ಯೂಟಿಗೆ ಬಂದ ಹಾಗೆ. ಗುಡುಗು, ತಗಡಿನ ಮೇಲೆ ಆಲಿಕಲ್ಲು. ಉಳಿದ ಹೊತ್ತೆಲ್ಲ ತುಮಿಯ ಬಾಯಿಗೆ ಸಕ್ಕರೆ ನೀರಿನ ಬಟ್ಟೆ. ಆ ಸದ್ದಿನ ಮರೆಯಲ್ಲಿ ಒಂದು ಗಂಟೆ ಮಾತ್ರ ಅವಳು ಹೊಟ್ಟೆ ತುಂಬ ಅಳುತ್ತಿದ್ದಳು.

ಏಪ್ರಿಲ್‌ನಲ್ಲಿ, ನಮ್ಮ ಚಳಿಗಾಲ ಹತ್ತಿರವಾದಾಗ, ಮಳೆ ನಿಂತಿತು. ಎಲೆ ಉದುರಿದರೂ ಕೇಳುವಷ್ಟು ಮೌನ.

"ಇನ್ನು ಐದು ತಿಂಗ್ಳು ಹನಿ ಬೀಳಲ್ಲ. ಏನ್ಮಾಡ್ಲೇ?"

"ಗುರುವಾರ ಬರ್ಲಿ ತಾಳಕ್ಕ."

ಗುರುವಾರ ನಮ್ಮೆಲ್ಲರ ರಜೆ. ಕೆಂಪು ರವಿಕೆ, ಬಿಳಿ ಟೋಪಿ ತೊಟ್ಟು ಹೆಂಗಸರೇ ಪ್ರಾರ್ಥನೆಗೆ ಸೇರುವ ದಿನ. ಅಲ್ಲಿ ಸೇರಿದ್ದ ಹನ್ನೊಂದು ಜನ ಕೆಲಸದವರಿಗೂ ತುಮಿಯ ವಿಷಯ ಹೇಳಿದೆ. ನಮ್ಮಲ್ಲಿ ಹಿರಿಯಳಾದ ಮಖೋತ್ಸೊ ಸೊಂಟದ ಮೇಲೆ ಕೈಯಿಟ್ಟಳು.

"ದೇವ್ರು ಗುಡುಗು ನಿಲ್ಸಿದ್ರೆ ನಿಲ್ಸ್ಲಿ. ನನ್ ಗಂಟ್ಲು ಎಲ್ಲಿಗ್ ಹೋಯ್ತು?"

ಅಂದಿನಿಂದ ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಹಿಂದಿನ ಓಣಿಯಲ್ಲಿ, ಆ ಕೋಣೆಯ ಗೋಡೆಗೆ ಒರಗಿ ಕೂತು ಹಾಡುತ್ತಿದ್ದೆವು. ತುಮಿಯ ಅಳು ಏರಿದರೆ ನಮ್ಮ ದನಿಯೂ ಏರುತ್ತಿತ್ತು. ದಿಸೇಬೊಳ ಯಜಮಾನಿ ಒಂದು ದಿನ ಹಿಂಬಾಗಿಲಿಗೆ ಬಂದರು.

"ಇದೇನ್ರೇ, ದಿನಾ ಇಷ್ಟ್ ಜೋರಾಗಿ?"

"ಚಳಿಗಾಲದಲ್ಲಿ ದೇವ್ರಿಗೆ ಕಿವಿ ಸ್ವಲ್ಪ ಮಂದ ಅಮ್ಮಾವ್ರೇ," ಎಂದಳು ಮಖೋತ್ಸೊ.

ಎರಡು ಚಳಿಗಾಲ ಹೀಗೇ ಕಳೆಯಿತು. ಹನ್ನೊಂದು ಬಾಯಿಗಳಲ್ಲಿ ಒಂದೂ ಗುಟ್ಟು ಬಿಡಲಿಲ್ಲ. ಹೆಂಗಸರ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುವವರು ನಮ್ಮ ಓಣಿಗೆ ಬಂದು ನೋಡಬೇಕಿತ್ತು. ಆದರೆ ತುಮಿ ಓಡಾಡತೊಡಗಿದ ಮೇಲೆ ಅವಳನ್ನು ಬಚ್ಚಿಡುವುದು ಆಗದ ಮಾತಾಯಿತು. ಕ್ರಿಸ್ಮಸ್ ರಜೆಗೆ ಅವಳನ್ನು ಅಜ್ಜಿಯ ಊರಿಗೆ ಬಿಟ್ಟುಬರಲು ದಿಸೇಬೊ ಜೊತೆ ನಾನೂ ಹೋದೆ.

ಅಷ್ಟು ದೊಡ್ಡ ಬಯಲನ್ನು ತುಮಿ ಕಂಡಿರಲಿಲ್ಲ. ಕೋಳಿಯ ಹಿಂದೆ ಓಡಿ ಕಲ್ಲಿಗೆ ಎಡವಿ ಬಿದ್ದಳು. ಮಂಡಿ ಒಡೆದು ರಕ್ತ ಬಂತು. ಮಗು ಕೂಗಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಮ್ಮನ್ನು ನೋಡಿತು.

"ಎಷ್ಟ್ ಗಟ್ಟಿ ಮಗೂನೇ!" ಎಂದು ಅಜ್ಜಿ ಮೆಚ್ಚಿಕೊಂಡಳು.

ದಿಸೇಬೊ ಧೂಳಿನಲ್ಲೇ ಕುಸಿದು ಕೂತು ಆ ಪುಟ್ಟ ಕೈಗಳನ್ನು ಬಿಡಿಸಿದಳು. "ಇಲ್ಲಿ ಅಳಬಹುದು ಕಂದಾ. ಯಾರೂ ಬರಲ್ಲ."

ತುಮಿಯ ತುಟಿ ನಡುಗುತ್ತಿತ್ತು. ಅವಳು ಪಿಸುಗುಟ್ಟಿದಳು: "ಯಾರೂ ಹಾಡ್ತಿಲ್ಲ."

ದಿಸೇಬೊ ಮಗುವನ್ನು ಎದೆಗೆ ಅವಚಿಕೊಂಡಳು. ಅಂಗಳದಲ್ಲಿ ನಿಂತು ನಾನೊಬ್ಬಳೇ ಹಾಡತೊಡಗಿದೆ. ಆಗ ತುಮಿ ಅತ್ತಳು.