ವಾಲದಂತೆ ಹಿಡಿದ ಕೈ

ಅವ್ವ ತೀರಿಕೊಂಡ ಮರುವಾರವೇ ನಾನು ಇಟಲಿಗೆ ಹೋದೆ. ನಮ್ಮೂರು ಅಜ್ಜಂಪುರದಲ್ಲಿ ಇದನ್ನು ಕೇಳಿದವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ತರೀಕೆರೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ನಾನು. ಇಟಲಿಯ ಊರೂರು ಸುತ್ತುತ್ತ ಕಲೆಯ ಇತಿಹಾಸ ಕಲಿಯುವ ಒಂದು ಸಣ್ಣ ಕೋರ್ಸಿಗೆ ಸೀಟು ಸಿಕ್ಕಿದ್ದು ಅವ್ವ ಇದ್ದಾಗಲೇ. ಹೋಗಬೇಡ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ ಉಳಿದುಬಿಡುತ್ತಿದ್ದೆನೇನೋ. ನನಗೆ ಎರಡೂ ಒಂದೇ ಆಗಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಣ್ಣಿಗೆ ಇಡುವುದೂ ಕೂತ ಹಾಗೆಯೇ. ಅವ್ವ ಎಡಕ್ಕೆ ವಾಲುತ್ತಿದ್ದಳು.

"ಲೇ, ಭುಜ ಹಿಡ್ಕಳೇ, ವಾಲ್ತಾ ಅವ್ಳೆ" ಎಂದಳು ಕಡೂರಿನಿಂದ ಬಂದಿದ್ದ ಚಿಕ್ಕಮ್ಮ. ಹಿಡಿದುಕೊಂಡೆ. ಜನ ಬಂದು ಹಾರ ಹಾಕಿ, ಅತ್ತು ಹೋಗುತ್ತಿದ್ದರು. ನನ್ನ ಗಮನವೆಲ್ಲ ಅವಳ ಭುಜದ ಮೇಲೆ. ಸಂಜೆಯ ಹೊತ್ತಿಗೆ ತೋಳು ಜೋಮು ಹಿಡಿದಿತ್ತು.

"ಅತ್ಬಿಡೇ. ಒಳಗೇ ಇಟ್ಕಂಡ್ರೆ ಕಾಯಿಲೆ ಬೀಳ್ತೀಯ" ಎಂದು ಚಿಕ್ಕಮ್ಮ ಎಷ್ಟು ಹೇಳಿದರೂ ಅಳು ಬರಲಿಲ್ಲ. ಬೀರೂರು ಸ್ಟೇಷನ್ನಿಗೆ ಬಿಡಲು ಬಂದವಳು ರೈಲು ಹೊರಡುವ ತನಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡುತ್ತ ಕೂತಿದ್ದೆ.

ಇಟಲಿಯಲ್ಲಿ ಬೆಳಗಾದರೆ ಚರ್ಚು, ಮಧ್ಯಾಹ್ನ ಮ್ಯೂಸಿಯಂ. ವರ್ಷಗಟ್ಟಲೆ ಪುಸ್ತಕದಲ್ಲಿ ನೋಡಿ ಮಕ್ಕಳಿಗೆ ಬಣ್ಣಿಸಿದ್ದ ಚಿತ್ರಗಳೇ ಎದುರಿಗಿದ್ದವು. ನೋಡಿದೆ, ನೋಟ್ಸ್ ಬರೆದುಕೊಂಡೆ, ಬ್ರೆಡ್ಡು ತಿಂದೆ. ಎಲ್ಲವೂ ಸಪ್ಪೆ.

ಒಂದು ಚರ್ಚಿನ ಗೋಡೆಯಲ್ಲಿ ಅಮೃತಶಿಲೆಯ ಸಮಾಧಿಯಿತ್ತು. ಕೆಳಗೆ ಕೈಕಟ್ಟಿ ಮಲಗಿದ ಮುದುಕನ ಶಿಲ್ಪ, ಮೇಲೆ ಕೂತ ಹೆಂಗಸಿನದು. ಇದನ್ನು ವಿವರಿಸಿ ಎಂದು ಪಾಠ ಮಾಡುವ ಮೇಡಂ ನನ್ನನ್ನೇ ಕೇಳಬೇಕೆ! ಸತ್ತಿರುವವಳು ಮೇಲೆ ಕೂತವಳು, ಅವಳನ್ನು ಕಾಯುತ್ತ ಗಂಡ ಕೆಳಗೆ ನಿದ್ದೆಹೋಗಿದ್ದಾನೆ ಎಂದೆ. ಯಾರೋ ಕಿಸಕ್ಕೆಂದರು. ಸತ್ತವನು ಆ ಮುದುಕ, ಮೇಲಿನವಳು ಯೇಸುವಿನ ತಾಯಿ ಎಂದು ಮೇಡಂ ಮೆತ್ತಗೆ ತಿದ್ದಿದರು. ನನಗೆ ನಾಚಿಕೆಯಾಗಬೇಕಿತ್ತು. ಅದೂ ಆಗಲಿಲ್ಲ. ಇವರು ತಮ್ಮವರನ್ನು ಮಲಗಿಸಿಬಿಡುತ್ತಾರೆ, ಯಾರೂ ಹಿಡಿದುಕೊಂಡು ಕೂರಬೇಕಾಗಿಲ್ಲ ಎಂದಷ್ಟೇ ಅನ್ನಿಸಿತು.

ಕೊನೆಯ ದಿನ ಒಂದು ಪುಟ್ಟ ಮ್ಯೂಸಿಯಮ್ಮಿಗೆ ಕರೆದೊಯ್ದರು. ಅಲ್ಲಿ ಯೇಸುವಿನ ಅದೇ ತಾಯಿಯ, ಕೂತ ಭಂಗಿಯ ಹಳೆಯ ಮರದ ವಿಗ್ರಹ. ಬಣ್ಣವೆಲ್ಲ ಉದುರಿತ್ತು. ಮಡಿಲಲ್ಲಿದ್ದ ಮಗು ಯಾವಾಗಲೋ ಕಳೆದುಹೋಗಿದೆಯಂತೆ. ಮರ ಸೊಟ್ಟಗಾಗಿ ಅವಳು ಎಡಕ್ಕೆ ವಾಲಿದ್ದಳು. ಉಳಿದವರು ಮುಂದಿನ ಕೋಣೆಗೆ ಹೋದರು. ನನ್ನ ಕೈ ತಾನಾಗಿ ಹೋಗಿ ಅವಳ ಭುಜ ಹಿಡಿಯಿತು.

ಕಾವಲಿನವನು ಕೂಗುತ್ತ ಓಡಿಬಂದ.

"ಬಿಡಕ್ಕಾಗಲ್ಲ ಕಣ್ರೀ, ಬಿದ್ದೋಗ್ತಾಳೆ" ಎಂದೆ ಅವನಿಗೆ. ಕನ್ನಡದಲ್ಲೇ ಹೇಳಿದೆನೆಂದು ಆಗ ಗೊತ್ತಾಗಲಿಲ್ಲ.

ಅವನಿಗೆ ಏನು ಅರ್ಥವಾಯಿತೋ, ಬೈಯುವುದನ್ನು ನಿಲ್ಲಿಸಿದ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ವಿಗ್ರಹದ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಬೆನ್ನಿಗೆ ಒಂದು ಕಬ್ಬಿಣದ ಸರಳು ಕೊಟ್ಟು ಗೋಡೆಗೆ ಬಿಗಿದಿದ್ದರು. ಬೀಳುವುದಿಲ್ಲ ಎಂದು ಅವನು ಕೈಯಾಡಿಸಿ ಹೇಳಿದ.

ಹೌದು, ಅವ್ವನೂ ಇನ್ನು ಬೀಳುವುದಿಲ್ಲ. ಸುತ್ತಲೂ ಮಣ್ಣಿದೆ, ಅವಳಿಗೆ ನನ್ನ ಕೈ ಬೇಕಿಲ್ಲ. ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ, ಗುರುತಿಲ್ಲದ ಆ ಮನುಷ್ಯನ ಎದುರು ಗಟ್ಟಿಯಾಗಿ ಅತ್ತುಬಿಟ್ಟೆ.