ಚಾಚಾ ಆರಿಸಿಕೊಟ್ಟ ಗಾಲ್ಫ್ ಕೋಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಗಾಲ್ಫ್ ಆಡಿದವರು ಒಬ್ಬರೂ ಇರಲಿಲ್ಲ. ಆದರೂ ಹೆಸರಾದ ಆಟಗಾರರು ತಮ್ಮ ಕೋಲುಗಳನ್ನು ಪಕ್ಕದ ಮನೆಯ ಚಾಚಾರ ಹತ್ತಿರ ತರುತ್ತಿದ್ದರು. ಚಾಚಾ ದೂರದೂರಿನ ಗಾಲ್ಫ್ ಮೈದಾನದಲ್ಲಿ ಮೂವತ್ತು ವರ್ಷ ಆಟಗಾರರ ಚೀಲ ಹೊತ್ತವರು. ಯಾರೇ ಬಂದರೂ, "ಮೊದಲ ಕೈ ತೋರಸ್ರಿ" ಅನ್ನುತ್ತಿದ್ದರು. ಅಂಗೈ ನೋಡಿಯೇ ಕೋಲಿನ ಹಿಡಿ ಎಷ್ಟು ದಪ್ಪ ಇರಬೇಕೆಂದು ಹೇಳುತ್ತಿದ್ದರು.

ಒಮ್ಮೆ ದೊಡ್ಡ ಪಂದ್ಯಕ್ಕೆ ಮುಂಚೆ ಒಬ್ಬ ಆಟಗಾರ್ತಿ ಹೊಚ್ಚ ಹೊಸ ಕೋಲು ಹಿಡಿದು ಬಂದಳು. ಅಂಗಳದಲ್ಲಿ ಅವಳು ಬೀಸಿದ್ದನ್ನು ನಾಲ್ಕು ಸಲ ನೋಡಿ ಚಾಚಾ, "ಇದು ನಿನಗ ಭಾಳ ಭಾರ ಆಗ್ತೈತಿ ಬೇಟಿ. ಹಳೇದರಾಗ ಆಡು" ಅಂದರು.

"ನೀವು ಎಂದಾದರೂ ಆಡಿದ್ದೀರಾ?" ಎಂದು ಆಕೆ ಸಿಟ್ಟಾದಳು.

"ಇಲ್ಲ ಬೇಟಿ. ಆಡಾವ್ರ ಹಿಂದ ನಿಂತು ನೋಡೇನಿ."

ಆಕೆ ಕಾರಿನಿಂದ ತನ್ನ ಹಳೆಯ ಕೋಲು ತಂದು, ಅದಕ್ಕೆ ಚಾಚಾರಿಂದ ಹೊಸ ಹಿಡಿ ಹಾಕಿಸಿಕೊಂಡು ಹೋದಳು.

ಎರಡು ತಿಂಗಳ ಮೇಲೆ ಆ ಪಂದ್ಯದಲ್ಲಿ ಗೆದ್ದ ಕಪ್ ಹಿಡಿದು ಬಂದಳು. ಸೇರಿದ್ದ ಓಣಿಯ ಜನರ ಮುಂದೆ ಅದನ್ನು ಚಾಚಾರ ಕೈಗಿಟ್ಟು, "ನನ್ನ ಕೋಲು ಆರಿಸಿದವರು ಇವರೇ" ಎಂದಳು. ನಮ್ಮ ಎದೆ ಉಬ್ಬಿತು. ಚಾಚಾ ಕಪ್ ಅನ್ನು ನಮ್ಮವ್ವನಿಗೆ ಕೊಟ್ಟು, ಕಾರಿನಿಂದ ಕೋಲು ತರಿಸಿ, ಹಿಡಿಯ ಮೇಲೆ ಹೆಬ್ಬೆರಳಾಡಿಸಿದರು.

"ಒಂದ ಸಮ ಸವದೈತಿ" ಅಂದರು. "ಛಲೋ ಹಿಡದೀ, ಬೇಟಿ."